ಹಸಿರಾಗಿದೆ, ಹಾಗಂತ ಗಿಡವಲ್ಲ

ನಾನು ಪಾಚಿಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: ಬಿಸಿಲಲ್ಲಿ ಆಹಾರ ತಯಾರಿಸಿಕೊಂಡು, ಅದು ಸಾಲದು ಅಂತ ಅಮೀಬಾ ಥರ ತೆವಳಿ ಬ್ಯಾಕ್ಟೀರಿಯಾವನ್ನೂ ನುಂಗುವ ಕ್ಲೋರರಾಕ್ನಿಯೋಫೈಟ್‌ಗಳು ಗಿಡವೋ, ಪ್ರಾಣಿಯೋ?

ಎರಡೂ ಅಲ್ಲ.

ಸಮುದ್ರದ ಈ ಏಕಕೋಶ ಜೀವಿಗಳಲ್ಲಿ ಮೊದಲನೆಯದನ್ನು ಗೈಟ್ಲರ್ ಎಂಬ ಸಸ್ಯವಿಜ್ಞಾನಿ 1930ರಲ್ಲಿ ಕ್ಯಾನರಿ ದ್ವೀಪಗಳಿಂದ ವರ್ಣಿಸಿದರು. ಆಮೇಲೆ ಬಹಳ ಕಾಲ ಅದು ಹಳದಿ-ಹಸಿರು ಪಾಚಿಗಳ ಪಟ್ಟಿಯಲ್ಲೇ ಇತ್ತು. 1984ರಲ್ಲಿ ಹಿಬ್ಬರ್ಡ್ ಮತ್ತು ನಾರಿಸ್ ಎಂಬ ವಿಜ್ಞಾನಿಗಳು ಅದರೊಳಗೆ ಇಣುಕಿ ನೋಡಿದರು. ಹಳದಿ-ಹಸಿರು ಪಾಚಿಗಳಲ್ಲಿ ಇಲ್ಲದ ಕ್ಲೋರೋಫಿಲ್ ಬಿ ಎಂಬ ಹಸಿರು ವರ್ಣಕ ಇದರಲ್ಲಿದೆ, ಅಂದರೆ ಆ ಪಟ್ಟಿಗೆ ಹೊಂದುವುದೇ ಇಲ್ಲ. ಹಾಗಾಗಿ ಅದಕ್ಕೇ ಅಂತ ಹೊಸ ವಿಭಾಗ ಮಾಡಿದರು.

ನಿಜವಾದ ಮಜಾ ಇರುವುದು ಕ್ಲೋರೋಪ್ಲಾಸ್ಟಿನಲ್ಲಿ, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ಭಾಗದಲ್ಲಿ. ಗಿಡಗಳಲ್ಲಿ ಅದರ ಸುತ್ತ ಎರಡು ಪೊರೆ, ಇಲ್ಲಿ ನಾಲ್ಕು. ಒಳಗಿನ ಎರಡಕ್ಕೂ ಹೊರಗಿನ ಎರಡಕ್ಕೂ ನಡುವಿನ ಸಂದಿಯಲ್ಲಿ ಪುಟಾಣಿ ನ್ಯೂಕ್ಲಿಯಸ್ ಒಂದು ಉಳಿದುಕೊಂಡಿದೆ, ಅದಕ್ಕೆ ನ್ಯೂಕ್ಲಿಯೋಮಾರ್ಫ್ ಅನ್ನುತ್ತಾರೆ. ಹಿಂದೆಂದೋ ಅಮೀಬಾದಂಥ ಜೀವಿಯೊಂದು ಇಡೀ ಹಸಿರು ಪಾಚಿಯನ್ನು ನುಂಗಿತು, ಆದರೆ ಅರಗಿಸಿಕೊಳ್ಳಲಿಲ್ಲ, ಇಟ್ಟುಕೊಂಡಿತು. ಆ ಪಾಚಿಯ ನ್ಯೂಕ್ಲಿಯಸ್ ಸವೆದು ಸವೆದು ಉಳಿದದ್ದೇ ಇದು. ಈ ಗುಂಪಿನದೇ ಆದ ಬಿಗೆಲೋವಿಯೆಲ್ಲಾ ನೇಟಾನ್ಸ್‌ನಲ್ಲಿ ಅದರ ಬಳಿ ಇರುವುದು ಮೂರೇ ಕ್ರೋಮೋಸೋಮು, ಎಲ್ಲಾ ಸೇರಿ ಡಿಎನ್ಎಯ ಸುಮಾರು 3,73,000 ಬೇಸ್‌ಜೋಡಿ. ಅದರಲ್ಲಿರುವ ಜೀನ್‌ಗಳಲ್ಲಿ ಜಾಸ್ತಿ ಪಾಲು ತನ್ನನ್ನು ತಾನು ನಡೆಸಿಕೊಳ್ಳುವುದಕ್ಕೇ ಖರ್ಚು, ಕ್ಲೋರೋಪ್ಲಾಸ್ಟಿನ ಕೆಲಸಕ್ಕೆ ಬರುವುದು ಹದಿನೇಳೇ. ಸಂಬಳ ಕೊಡುವುದಕ್ಕೆ ಮಾತ್ರ ಇರುವ ಆಫೀಸಿನಂತೆ!

ಅಂದರೆ ಒಂದೇ ಕೋಶಕ್ಕೆ ಎರಡು ವಂಶ, ಅಲ್ವಾ? ಹಸಿರು ನೋಡಿ ವರ್ಗೀಕರಿಸಿದರೆ ಹಸಿರು ಪಾಚಿಗಳ ನೆಂಟ. ನುಂಗಿದವನನ್ನು ನೋಡಿದರೆ ಏಕಕೋಶ ಜೀವಿಗಳ ಸೆರ್ಕೋಜೋವಾ ಗುಂಪು, ಅದರಾಚೆ ಅದನ್ನೊಳಗೊಂಡ ದೊಡ್ಡ ಗುಂಪು ರೈಜೇರಿಯಾ. ನನ್ನ ಓಟು ನುಂಗಿದವನಿಗೇ. ಈಗಿನ ವರ್ಗೀಕರಣವೂ ಅದನ್ನೇ ಹೇಳುತ್ತದೆ.

ಬಣ್ಣ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಯುಗ್ಲೀನಾ ಎಂಬ ಇನ್ನೊಂದು ಹಸಿರು ಏಕಕೋಶ ಜೀವಿಯನ್ನು ನೋಡಿ. ಅದರ ಹಸಿರೂ ಹೀಗೇ ನುಂಗಿ ಪಡೆದದ್ದು, ಹಾಗಾಗಿ ಕ್ಲೋರರಾಕ್ನಿಯೋಫೈಟ್, ಯುಗ್ಲೀನಾ ಎರಡಕ್ಕೂ ಹಸಿರು ಒಂದೇ ಘಟನೆಯಿಂದ ಬಂತು ಅಂತ ಜೀವವಿಜ್ಞಾನಿ ಕ್ಯಾವಲಿಯರ್-ಸ್ಮಿತ್ ವಾದಿಸಿದ್ದರು. 2007ರಲ್ಲಿ ಬಿಗೆಲೋವಿಯೆಲ್ಲಾದ ಕ್ಲೋರೋಪ್ಲಾಸ್ಟ್ ಜೀನೋಮ್ ಪೂರ್ತಿ ಓದಿದಾಗ ತಿಳಿದದ್ದು ಬೇರೆ: ಎರಡೂ ಬೇರೆ ಬೇರೆ ಹಸಿರು ಪಾಚಿಗಳನ್ನು, ಬೇರೆ ಬೇರೆಯಾಗಿಯೇ ನುಂಗಿವೆ.