ಹಳೆ ಔಟ್‌ಬೋರ್ಡ್ ಇಂಜಿನ್: ಬಣ್ಣ ಆಮೇಲೆ, ಮೊದಲು ಕೆಳಭಾಗ ಬಿಚ್ಚಿ

ಬೆಂಗಳೂರಲ್ಲಿ ಕೂತು ದೋಣಿ ಇಂಜಿನ್ ರಿಪೇರಿ ಮಾಡ್ತೀಯಾ ಅಂತ ಸ್ನೇಹಿತರು ನಗುತ್ತಾರೆ. ನಗಲಿ. ಕಡಲು ಇಲ್ಲದಿದ್ದರೇನು, ಟೂ ಸ್ಟ್ರೋಕ್ ಗೊತ್ತಿರುವ ಮೆಕ್ಯಾನಿಕ್‌ಗಳು ಈ ಊರಲ್ಲಿ ಇನ್ನೂ ಇದ್ದಾರೆ. ಆರ್‌ಎಕ್ಸ್ 100, ಯೆಜ್ಡಿ ಬಿಚ್ಚಿ ಕಟ್ಟಿದ ಕೈಗೆ ಹಳೆ ಔಟ್‌ಬೋರ್ಡಿನ (ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್) ಮೇಲ್ಭಾಗ ಹೊಸದೇನಲ್ಲ: ಕಾರ್ಬುರೇಟರ್, ಪ್ಲಗ್, ಕಾಯಿಲ್, ತೀರಾ ಹಳೆಯದಾದರೆ ಫ್ಲೈವೀಲ್ ಅಡಿಯಲ್ಲಿ ಪಾಯಿಂಟ್ ಸೆಟ್.

ತೊಂದರೆ ಇರುವುದು ಕೆಳಗೆ. ಬೈಕ್ ಗಾಳಿಗೆ ತಣ್ಣಗಾಗುತ್ತದೆ, ಇದಕ್ಕೆ ನೀರೇ ಬೇಕು. ಇಂಜಿನ್ನಿನ ಕಾಲು, ಅಂದರೆ ನೀರಿಗಿಳಿಯುವ ಕೆಳಭಾಗದೊಳಗೆ ರಬ್ಬರ್ ರೆಕ್ಕೆಗಳ ಒಂದು ಇಂಪೆಲ್ಲರ್ ಇರುತ್ತದೆ, ಅದು ಹೊರಗಿನ ನೀರನ್ನು ಎಳೆದು ಮೇಲಕ್ಕೆ ತಳ್ಳುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಇಂಜಿನ್ ಆದರೆ ಆ ರೆಕ್ಕೆಗಳು ಬಾಗಿದ ಹಾಗೇ ಗಟ್ಟಿಯಾಗಿರುತ್ತವೆ. ತಂದ ದಿನವೇ "ಸುಮ್ನೆ ಒಂದು ಸಲ ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಹಗ್ಗ ಎಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಒಣಗಿದ್ದಾಗ ತಿರುಗಿಸಿದರೆ ರಬ್ಬರ್ ಕ್ಷಣಗಳಲ್ಲಿ ಸುಟ್ಟು ಚೂರಾಗುತ್ತದೆ, ಆ ಚೂರುಗಳು ಹೋಗಿ ನೀರಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಸ ಇಂಪೆಲ್ಲರ್ ಹಾಕಿ, ಡ್ರಮ್ಮಿನಲ್ಲಿ ಮುಳುಗಿಸಿ ಸ್ಟಾರ್ಟ್ ಮಾಡಿ. ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮದಿದ್ದರೆ ಆಗಲೇ ಆಫ್ ಮಾಡಿ.

ಗೇರ್ ಆಯಿಲ್ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ, ಸೀಲ್ ಬದಲಿಸಬೇಕು. ಅಳತೆ, ಬೇರಿಂಗ್ ನಂಬರ್ ಹಿಡಿದುಕೊಂಡು ಬೆಂಗಳೂರಿನ ಬಿಡಿಭಾಗಗಳ ಪೇಟೆ ಎಸ್‌ಜೆಪಿ ರೋಡಿಗೆ ಹೋದರೆ ಎಷ್ಟೋ ಸಲ ಕೆಲಸ ಆಗುತ್ತದೆ. ಇಂಪೆಲ್ಲರ್‌ಗೆ ಮಾತ್ರ ಮಲ್ಪೆ, ಮಂಗಳೂರಿನ ಕಡೆಯವರನ್ನೇ ಕೇಳುವುದು ವಾಸಿ.

ಕರಾವಳಿಯಿಂದ ಬಂದ ಇಂಜಿನ್‌ನಲ್ಲಿ ಉಪ್ಪಿನ ಕಾಟ ಬೇರೆ. ಅಲ್ಯೂಮಿನಿಯಂನಲ್ಲಿ ಸ್ಟೀಲ್ ಬೋಲ್ಟ್ ಹಿಡಿದುಕೊಂಡಿರುತ್ತದೆ, ಬಲ ಹಾಕಿದರೆ ತಲೆ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಆಮೇಲೆ ಬಿಸಿ ಮಾಡುತ್ತಾ, ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಬೇಕು.

ಈಗಿನ ಇ20, ಅಂದರೆ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಇನ್ನೊಂದು ತಲೆನೋವು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಜಾಸ್ತಿಯಾದರೆ ನೀರು, ಎಥೆನಾಲ್ ಎರಡೂ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಟೂ ಸ್ಟ್ರೋಕ್‌ಗೆಂದು ಪೆಟ್ರೋಲಿಗೆ ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಇಂಜಿನ್ ಎಳೆಯುವುದು ತಳದಿಂದ ಅಲ್ವಾ? ಆಯಿಲ್ ಅದಕ್ಕೆ ಸಿಗುವುದೇ ಇಲ್ಲ. ಅದಕ್ಕೇ ಹಳೆ ಪೈಪ್ ಕಿತ್ತು ಎಥೆನಾಲ್ ತಡೆಯುವಂಥದ್ದು ಹಾಕಿ, ಎತ್ತಿಡುವ ಮುಂಚೆ ಕಾರ್ಬುರೇಟರ್ ಖಾಲಿ ಮಾಡಿ. ಬೈಕಿನ 2ಟಿ ಆಯಿಲ್ ಬೇಡ, ದೋಣಿ ಇಂಜಿನ್ನಿನ ಟಿಸಿ-ಡಬ್ಲ್ಯೂ3 ತನ್ನಿ. ಪೆಟ್ರೋಲ್, ಆಯಿಲ್ 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಇನ್ನೂ ಹಳೆಯವು ಜಾಸ್ತಿ ಕೇಳುತ್ತವೆ, ಮ್ಯಾನುಯಲ್ ನೋಡಿ.

ಇಷ್ಟಾದ ಮೇಲೆ ಬಣ್ಣ, ಸ್ಟಿಕ್ಕರ್ ಏನು ಬೇಕಾದರೂ ಮಾಡಿಕೊಳ್ಳಿ. ಆದರೆ ಕೆಳಗಿರುವ ಸತುವಿನ ತುಂಡಿಗೆ ಮಾತ್ರ ಬಣ್ಣ ಬಳಿಯಬೇಡಿ. ಉಪ್ಪುನೀರು ಅದನ್ನು ತಿನ್ನಲಿ ಅಂತಲೇ ಅಲ್ಲಿ ಇಟ್ಟಿರುತ್ತಾರೆ. ಅದನ್ನು ಮುಚ್ಚಿದರೆ ಗೇರ್ ಕೇಸನ್ನೇ ತಿನ್ನಲು ಶುರು ಮಾಡುತ್ತದೆ.