ಹದಿನೆಂಟು ತುಂಬಿದ ಮೇಲೆ ಎತ್ತರ ಬೆಳೆಯುತ್ತಾರೆಯೇ?

“ಸರ್, ನನಗೆ ಹದಿನೆಂಟು. 165 ಸೆಂಟಿಮೀಟರ್ ಇದ್ದೇನೆ. ಇನ್ನೂ ಮೂರು ಬೆಳೆಯಬಹುದೇ?”

ಕಾರವಾರದ ಕಡಲತೀರದಲ್ಲಿ ಓಟದ ಅಭ್ಯಾಸಕ್ಕೆ ಬರುವ ಹುಡುಗರು ದೈಹಿಕ ಶಿಕ್ಷಕನಾದ ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಮೂರರ ಲೆಕ್ಕ ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರಿಗೆ 168, ಹೆಂಗಸರಿಗೆ 157 ಸೆಂ.ಮೀ. ಎತ್ತರ ಬೇಕು. ಓಟ, ಜಿಗಿತ, ಗುಂಡು ಎಸೆತ ಅಭ್ಯಾಸದಿಂದ ಕೈಗೂಡುತ್ತವೆ. ಎತ್ತರ ಹಾಗಲ್ಲ.

ನನ್ನ ಉತ್ತರ ಇಷ್ಟು: ಹದಿನೆಂಟರಲ್ಲಿ ಕೆಲವು ಹುಡುಗರು ಇನ್ನೂ ಬೆಳೆಯುತ್ತಾರೆ, ಹೆಚ್ಚಿನವರದು ಮುಗಿದಿರುತ್ತದೆ. ಯಾರದು ಮುಗಿದಿದೆ, ಯಾರದು ಉಳಿದಿದೆ ಎಂಬುದನ್ನು ಹುಟ್ಟಿದ ತಾರೀಕು ಹೇಳುವುದಿಲ್ಲ, ಮೂಳೆ ಹೇಳುತ್ತದೆ.

ತೊಡೆ, ಕಾಲು, ತೋಳುಗಳ ಉದ್ದ ಮೂಳೆಗಳ ತುದಿಯ ಹತ್ತಿರ ಮೃದ್ವಸ್ಥಿಯ ತೆಳ್ಳನೆಯ ಪದರವೊಂದು ಇರುತ್ತದೆ. ಅಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಗಟ್ಟಿಯಾಗಿ, ಮೂಳೆಗೆ ಸೇರುತ್ತಾ ಹೋಗುವುದರಿಂದ ಮೂಳೆ ಉದ್ದವಾಗುತ್ತದೆ. ಹದಿಹರೆಯದ ಕೊನೆಗೆ ಆ ಪದರವೇ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಹುಡುಗಿಯರಲ್ಲಿ ಹದಿನಾಲ್ಕು ಹದಿನೈದಕ್ಕೆ, ಹುಡುಗರಲ್ಲಿ ಹದಿನಾರು ಹದಿನೇಳಕ್ಕೆ ಬೆಳವಣಿಗೆ ಬಹುಮಟ್ಟಿಗೆ ನಿಂತಿರುತ್ತದೆ. ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ ತೆಗೆದರೆ ಪದರ ಎಷ್ಟು ಉಳಿದಿದೆ ಎಂದು ವೈದ್ಯರಿಗೆ ಕಾಣುತ್ತದೆ. ಅದನ್ನು ಮೂಳೆಯ ವಯಸ್ಸು ಎನ್ನುತ್ತಾರೆ. ಹದಿನೇಳರ ಹುಡುಗನ ಮೂಳೆಗೆ ಹದಿನೈದೇ ಆಗಿರಬಹುದು. ಅಂಥವನಿಗೆ ನಿಜವಾಗಿಯೂ ಅವಕಾಶ ಇದೆ.

ಈ ಪದರವನ್ನು ಮುಚ್ಚುವುದು ಯಾವುದು ಎಂಬುದು ನನಗೆ ಬಹಳ ಮುಖ್ಯವೆನಿಸುವ ಸಂಗತಿ. ಅದು ಈಸ್ಟ್ರೋಜನ್. ನಾವು ಹೆಣ್ಣಿನ ಹಾರ್ಮೋನು ಎಂದುಕೊಂಡಿರುವುದೇ ಗಂಡುಮಕ್ಕಳಲ್ಲಿಯೂ ಈ ಕೆಲಸ ಮಾಡುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು ಇಪ್ಪತ್ತೆಂಟು ವರ್ಷದ ಒಬ್ಬನ ವಿವರ ಪ್ರಕಟಿಸಿದರು. ಅವನ ಎತ್ತರ 204 ಸೆಂ.ಮೀ., ಇನ್ನೂ ಬೆಳೆಯುತ್ತಲೇ ಇದ್ದ, ಮೂಳೆಯ ವಯಸ್ಸು ಮಾತ್ರ ಹದಿನೈದು. ಗಂಡಿನ ಹಾರ್ಮೋನಾದ ಟೆಸ್ಟೋಸ್ಟಿರಾನ್ ಸರಿಯಾಗಿಯೇ ಇತ್ತು. ಆದರೆ ಹುಟ್ಟಿನಿಂದಲೇ ಬಂದ ದೋಷದಿಂದಾಗಿ ಅವನ ಮೈಗೆ ಈಸ್ಟ್ರೋಜನ್ ತಾಗುತ್ತಲೇ ಇರಲಿಲ್ಲ. ಗಂಡಸಿನ ಮೂಳೆಗೂ ಈಸ್ಟ್ರೋಜನ್ನೇ ಬೀಗ ಎಂಬುದು ಆ ಒಬ್ಬನಿಂದ ಸ್ಪಷ್ಟವಾಯಿತು.

ಜಿಮ್‌ಗೆ ಹೋಗುವ ಹುಡುಗರಿಗೆ ಇದನ್ನು ನಾನು ಒತ್ತಿ ಒತ್ತಿ ಹೇಳುತ್ತೇನೆ. ಮೈ ಕಟ್ಟಲೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನಿನ ಒಂದು ಪಾಲು ಮೈಯೊಳಗೆ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಇನ್ನೂ ತೆರೆದಿರುವ ಪದರವನ್ನು ಅದು ಬೇಗ ಮುಚ್ಚಿಬಿಡುತ್ತದೆ. ಹದಿನಾರರ ಹುಡುಗ ತೋಳು ದಪ್ಪವಾಗಲೆಂದು ಹೋಗಿ, ಉಳಿದಿದ್ದ ಎತ್ತರವನ್ನೂ ಕಳೆದುಕೊಳ್ಳುತ್ತಾನೆ. ಭಾರ ಎತ್ತಿದರೆ ಕುಳ್ಳಾಗುತ್ತಾರೆ ಎಂದು ಹೆದರುವ ತಂದೆತಾಯಂದಿರು ಹೆದರಬೇಕಾದದ್ದು ಇದಕ್ಕೆ. ಸರಿಯಾದ ಮಾರ್ಗದರ್ಶನದಲ್ಲಿ ಮಾಡಿದ ಭಾರದ ವ್ಯಾಯಾಮದಿಂದ ಎತ್ತರ ಕುಂಠಿತವಾಗುವುದಿಲ್ಲ.

ಪದರವನ್ನು ಮುಚ್ಚುವುದು ಹರೆಯದಲ್ಲಿ ಏರುವ ಈಸ್ಟ್ರೋಜನ್ ಆದ್ದರಿಂದಲೇ ತಡವಾಗಿ ಹರೆಯಕ್ಕೆ ಬಂದವರು ತಡವಾಗಿ ಬೆಳೆಯುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಸಾಲಿನ ಮುಂದೆ ನಿಲ್ಲುತ್ತಿದ್ದ, ದನಿ ಒಡೆಯದ ಹುಡುಗ ಪಿಯುಸಿ ಮುಗಿಸುವಾಗ ಗುರುತು ಸಿಗದಷ್ಟು ಉದ್ದವಾಗಿರುವುದುಂಟು. ಕೇಳಿ ನೋಡಿದರೆ ಅಪ್ಪನೋ ಮಾವನೋ ಹಾಗೆಯೇ ಬೆಳೆದಿರುತ್ತಾರೆ.

ಎಕ್ಸ್‌ರೇಗೆ ಮೊದಲು ಮನೆಯಲ್ಲೇ ತಿಳಿಯುವ ದಾರಿಯೊಂದಿದೆ. ಬರಿಗಾಲಿನಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ಪ್ರತಿ ಸಲವೂ ಬೆಳಿಗ್ಗೆಯೇ ಅಳೆಯಿರಿ. ಸಂಜೆಯ ಹೊತ್ತಿಗೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಒಂದು ಸೆಂ.ಮೀ.ನಷ್ಟು ಕಡಿಮೆ ಕಾಣುತ್ತದೆ. ಆರು ತಿಂಗಳ ಬಳಿಕ ಮತ್ತೆ, ವರ್ಷದ ಬಳಿಕ ಮತ್ತೆ. ವರ್ಷಕ್ಕೆ ಒಂದು ಸೆಂಟಿಮೀಟರೂ ಏರದಿದ್ದರೆ ಮುಗಿಯುತ್ತಾ ಬಂದಿದೆ ಎಂದರ್ಥ. ಪಾದ ಮೊದಲು ನಿಲ್ಲುತ್ತದೆ, ಆಮೇಲೆ ಕಾಲು, ಕೊನೆಗೆ ಬೆನ್ನು. ಹಾಗಾಗಿ ಚಪ್ಪಲಿಯ ಅಳತೆ ಬದಲಾಗದೆ ವರ್ಷಗಳೇ ಆದವನು ಹೆಚ್ಚು ಆಸೆ ಇಟ್ಟುಕೊಳ್ಳಬಾರದು.

ಮನೆತನದ ಲೆಕ್ಕವೂ ಇದೆ. ಅಪ್ಪ ಅಮ್ಮನ ಎತ್ತರ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ಅಪ್ಪ 165, ಅಮ್ಮ 152 ಆದರೆ ಮಗನಿಗೆ 165, ಮಗಳಿಗೆ 152 ಬರುತ್ತದೆ. ಎಂಟೊಂಬತ್ತು ಸೆಂ.ಮೀ. ಹೆಚ್ಚುಕಡಿಮೆ ಆಗುವುದು ಸಹಜ.

ಎತ್ತರದ ಪುಡಿ, ಮಾತ್ರೆ, ಬೆಲ್ಟುಗಳಿಗೆ ಹಣ ಹಾಕಬೇಡಿ. ಜೋತುಬಿದ್ದರೆ ಬೆನ್ನು ಸ್ವಲ್ಪ ಹೊತ್ತು ಹಿಗ್ಗುತ್ತದೆ, ಅಷ್ಟೇ. ಪದರ ಮುಚ್ಚಿದ ಮೇಲೆ ಬೆಳವಣಿಗೆಯ ಹಾರ್ಮೋನು ಚುಚ್ಚಿಸಿಕೊಂಡರೆ ಎತ್ತರ ಬಾರದು. ದವಡೆ, ಕೈಕಾಲು ದಪ್ಪವಾಗುವ ಅಪಾಯವಿದೆ.

ಪೊಲೀಸ್ ಅಳತೆಗೆ ನಿಲುಕದವರಿಗೆ ನಾನು ತಕ್ಷಣ ಹೇಳುವುದು ನೌಕಾಪಡೆಯ ವಿಷಯ. ಅರ್ಗಾದ ಕದಂಬ ನೌಕಾನೆಲೆಯನ್ನು ನೋಡುತ್ತಲೇ ಬೆಳೆದ ಮಕ್ಕಳಿಗೂ ಅಲ್ಲಿ ಅಗ್ನಿವೀರರಾಗಲು 157 ಸೆಂ.ಮೀ. ಸಾಕೆಂಬುದು ಗೊತ್ತಿರುವುದಿಲ್ಲ.

ನನಗೆ ಸಂಕಟವಾಗುವುದು ಈ ಪ್ರಶ್ನೆ ಇಷ್ಟು ತಡವಾಗಿ ಬರುವುದಕ್ಕೆ. ಹುಡುಗಿಯರ ವಿಷಯದಲ್ಲಂತೂ ಇನ್ನೂ ಹೆಚ್ಚು. ಮೈನೆರೆದ ಮೇಲೆ ಹುಡುಗಿ ಸಾಮಾನ್ಯವಾಗಿ ಬೆಳೆಯುವುದು ಐದರಿಂದ ಏಳು ಸೆಂಟಿಮೀಟರ್ ಮಾತ್ರ. ಆದರೂ ಹದಿನಾರರ ಮಗಳನ್ನು ಕರೆತಂದು “ಇನ್ನೂ ಬೆಳೆಯುತ್ತಾಳಲ್ಲವೇ ಸರ್” ಎನ್ನುತ್ತಾರೆ. ಎತ್ತರ ಬಹುಪಾಲು ವಂಶದಿಂದ ಬಂದರೂ, ಅದು ಪೂರ್ತಿ ಕೈಸೇರುವುದು ಎಳವೆಯ ಊಟ ಮತ್ತು ಆರೋಗ್ಯದಿಂದ. ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಹೆಂಗಸರಿಗಿಂತ 1996ರಲ್ಲಿ ಹುಟ್ಟಿದವರು ಸುಮಾರು 20 ಸೆಂ.ಮೀ. ಎತ್ತರ. ನೂರು ವರ್ಷದಲ್ಲಿ ವಂಶವಾಹಿಗಳು ಹಾಗೆ ಬದಲಾಗುವುದಿಲ್ಲ, ಬದುಕಿನ ಸ್ಥಿತಿ ಬದಲಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಂತು ಬಂಗುಡೆ ಕಾಣದ ದಿನಗಳಲ್ಲಿಯೂ ಮಕ್ಕಳ ತಟ್ಟೆಯಲ್ಲಿ ಮೊಟ್ಟೆ, ಹಾಲು, ಹುರುಳಿ ಇರಲಿ. ಹೆಣ್ಣುಮಕ್ಕಳಿಗೂ ಅಷ್ಟೇ ಬಡಿಸಿ.

ಐದನೆಯ ತರಗತಿಯಿಂದಲೇ ವರ್ಷಕ್ಕೆರಡು ಬಾರಿ ಅಳೆದು ಬರೆದಿಡಿ. ವರ್ಷಕ್ಕೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ, ಹುಡುಗಿಗೆ ಹದಿಮೂರಾದರೂ ಹುಡುಗನಿಗೆ ಹದಿನಾಲ್ಕಾದರೂ ಹರೆಯದ ಯಾವ ಲಕ್ಷಣವೂ ಕಾಣದಿದ್ದರೆ, ಮಕ್ಕಳ ತಜ್ಞರಿಗೆ ತೋರಿಸಿ. ಥೈರಾಯ್ಡ್ ಕೊರತೆಯಂಥ ಕಾರಣವಿದ್ದರೆ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಅದಕ್ಕೆ ಮಾತ್ರೆಯಿದೆ, ಆ ವಯಸ್ಸಿನಲ್ಲಿ ಪದರವೂ ತೆರೆದಿರುತ್ತದೆ.