ಆರು ವಾರದಲ್ಲಿ ಜಾಯ್ಸ್ ದಕ್ಕುತ್ತಾನೆಯೇ?

ಮಾಟುಂಗದಲ್ಲಿ ಕನ್ನಡ ಕಾರ್ಯಕ್ರಮ ಮುಗಿದ ಮೇಲೆ, ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಸಿಕ್ಕ ಮೇಲೆ, ಓದುವ ಗೆಳೆಯರು ಕೇಳುವ ಪ್ರಶ್ನೆ ಇದು: ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ ಕಾದಂಬರಿ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ (1916) ಆರು ವಾರದ ಆನ್‌ಲೈನ್ ಕೋರ್ಸಿನಲ್ಲಿ ಅರ್ಥವಾಗುತ್ತದೆಯೇ?

ಆಗುತ್ತದೆ, ಪಾಠಕ್ಕೆ ಮೊದಲೇ ಅಧ್ಯಾಯ ಓದಿಟ್ಟುಕೊಂಡರೆ. ವಿಡಿಯೋ ಮೊದಲು ನೋಡಿದರೆ ಮೇಷ್ಟ್ರ ಅರ್ಥವೇ ತಲೆಯಲ್ಲಿ ಕೂತುಬಿಡುತ್ತದೆ. ನಾಯಕ ಸ್ಟೀಫನ್ ಎಂಬ ಹುಡುಗ ಬೆಳೆದಂತೆ ವಾಕ್ಯಗಳೂ ಬೆಳೆಯುವ ಕಾದಂಬರಿ ಇದು. ಆ ಬೆಳವಣಿಗೆ ನಿಮ್ಮ ಕಿವಿಗೇ ಬೀಳಬೇಕು.

ಮೊದಲ ಪುಟವನ್ನು ಗಟ್ಟಿಯಾಗಿ ಓದಿ. ಅಪ್ಪ ಹೇಳುವ ಹಸುವಿನ ಕಥೆ ಕಿವಿಗೆ, ಅಪ್ಪನ ಗಡ್ಡದ ಮುಖ ಕಣ್ಣಿಗೆ, ಮಿಠಾಯಿ ನಾಲಿಗೆಗೆ. ಹಾಸಿಗೆ ಒದ್ದೆಯಾದಾಗ ಮೊದಲು ಬೆಚ್ಚಗೆ, ಆಮೇಲೆ ತಣ್ಣಗೆ. ಅಮ್ಮ ಹಾಸುವ ಎಣ್ಣೆಬಟ್ಟೆಯ ವಾಸನೆ. ಐದೂ ಇಂದ್ರಿಯಗಳು ಒಂದೇ ಪುಟದಲ್ಲಿ! ಅಲ್ಲೇ ಮನೆಯಲ್ಲಿರುವ ಹಿರಿಯ ಹೆಂಗಸು ಡಾಂಟೆಯ ಎರಡು ಬ್ರಷ್‌ಗಳಿವೆ: ಕೆಂಗಂದು ಮಖಮಲ್ಲಿನದು ಡೇವಿಟ್‌ಗೆ, ಹಸಿರಿನದು ಪಾರ್ನೆಲ್‌ಗೆ, ಇಬ್ಬರೂ ಐರಿಷ್ ರಾಷ್ಟ್ರೀಯವಾದಿ ನಾಯಕರು. ಕೆಲವೇ ಪುಟಗಳಾಚೆ ಆಕೆ ಕತ್ತರಿಯಿಂದ ಆ ಹಸಿರನ್ನು ಕಿತ್ತುಹಾಕಿರುತ್ತಾಳೆ. ಐರ್ಲೆಂಡಿನ ರಾಜಕೀಯ ಮಗುವಿಗೆ ತಲುಪುವುದು ಹೀಗೆ. ಇದನ್ನು ಗುರುತು ಹಾಕಿಕೊಂಡರೆ ಅದೇ ಅಧ್ಯಾಯದಲ್ಲಿ ಪಾರ್ನೆಲ್ ಹೆಸರಲ್ಲಿ ನಡೆಯುವ ಕ್ರಿಸ್‌ಮಸ್ ಊಟದ ಜಗಳಕ್ಕೆ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ.

ಅಧ್ಯಾಯಗಳು ಐದು. ಐದನೆಯದೇ ಎಲ್ಲಕ್ಕಿಂತ ಉದ್ದ, ಅದಕ್ಕೆ ಎರಡು ವಾರ ಇಡಿ. ಸ್ಟೀಫನ್ ನಸುಕಿನಲ್ಲಿ ಎದ್ದು ಕವಿತೆ ಕಟ್ಟುವ ಜಾಗಕ್ಕೆ ಬಂದಾಗ ಪುಸ್ತಕ ಮುಚ್ಚಿ, ಉಳಿದದ್ದು ಆರನೇ ವಾರಕ್ಕೆ. ಹೆಚ್ಚಿನವರು ಕೈಬಿಡುವುದು ಮೂರನೆಯದರಲ್ಲಿ, ನರಕದ ಪ್ರವಚನ ಬಂದಾಗ. ಆ ಉದ್ದ ಬೇಕೆಂದೇ ಇಟ್ಟದ್ದು. ಹದಿಹರೆಯದ ಹುಡುಗನ ಉಸಿರು ಕಟ್ಟಬೇಕಲ್ಲ! ನೋಟ್ಸ್ ಮಾಡದೆ ಒಂದೇ ಬಾರಿಗೆ ಕೂತು ಓದಿ. ಇನ್ನು ಸಂಭಾಷಣೆಗೆ ಉದ್ಧರಣ ಚಿಹ್ನೆ ಇಲ್ಲ, ಬರೀ ಅಡ್ಡಗೆರೆ. ಯಾರ ಮಾತು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ.

ಆತ್ಮಕಥನಾತ್ಮಕ ಎಂದ ಕೂಡಲೇ ಜೀವನಚರಿತ್ರೆ ಪಕ್ಕದಲ್ಲಿಟ್ಟು ತಾಳೆ ನೋಡುವುದು ದೊಡ್ಡ ತಪ್ಪು. ಕ್ಲೋಂಗೋಸ್ ಶಾಲೆ ನಿಜ, 1891ರಲ್ಲಿ ಪಾರ್ನೆಲ್ ಸತ್ತದ್ದೂ ನಿಜ. ಆದರೆ ಮೊದಲ ಕರಡು ‘ಸ್ಟೀಫನ್ ಹೀರೋ’ದಲ್ಲಿ ಮಾತಿಗೆ ಜೊತೆಯಾಗುವ ತಮ್ಮ ಮಾರಿಸ್ ಇಲ್ಲಿ ಹೆಸರಿಗಷ್ಟೇ ಉಳಿದಿದ್ದಾನೆ. ಜಾಯ್ಸ್ ಏನು ತೆಗೆದ ಎಂದು ಕೇಳಿಕೊಳ್ಳಿ: ತಮ್ಮ ಸರಿದಷ್ಟೂ ಸ್ಟೀಫನ್ ಒಂಟಿಯಾಗುತ್ತಾನೆ.

ಮುಂಬೈ ಕನ್ನಡಿಗರು ನಿಂತು ಓದಬೇಕಾದ ಜಾಗ ಐದನೆಯ ಅಧ್ಯಾಯದಲ್ಲಿದೆ. ದೀಪಕ್ಕೆ ಎಣ್ಣೆ ಹೊಯ್ಯುವ ಲಾಳಿಕೆಗೆ ಸ್ಟೀಫನ್ ‘ಟಂಡಿಶ್’ ಎನ್ನುತ್ತಾನೆ. ಇಂಗ್ಲಿಷ್ ಪಾದ್ರಿ ಆ ಪದ ಕೇಳಿಯೇ ಇಲ್ಲ. ಮನೆಯಲ್ಲಿ ಲಾಳಿಕೆ, ಅಂಗಡಿಯಲ್ಲಿ ಮರಾಠಿಯ ನರಸಾಳೆ ಎನ್ನುವ ನಮಗೆ ಆ ಮುಜುಗರ ಬಿಡಿಸಿ ಹೇಳಬೇಕಿಲ್ಲ. ಪುಟದ ಅಂಚು ಮಡಿಸಿಡಿ. ಕೊನೆಯ ದಿನಚರಿಯಲ್ಲಿ ಏಪ್ರಿಲ್ 13ರಂದು ಸ್ಟೀಫನ್ ನಿಘಂಟು ತೆರೆದು ನೋಡಿರುತ್ತಾನೆ: ಟಂಡಿಶ್ ಅಪ್ಪಟ ಇಂಗ್ಲಿಷ್ ಪದವೇ.